ಖಾಲಿ ಎಂದು ನಾನು ಬರೆದ ಹದಿನೈದು ನಿಮಿಷ

ನಿವೃತ್ತಿಯಾಗಿ ಇಂಡಿಯಲ್ಲಿ ಮನೆ ಮಾಡಿದ ವಾರದಲ್ಲೇ ಪಕ್ಕದ ಮನೆಯ ಇಮಾಮಸಾಬರು ಒಂದು ಬುಟ್ಟಿ ನಿಂಬೆಹಣ್ಣು ಹಿಡಿದುಕೊಂಡು ಬಂದರು. ನಿಂಬೆ ವ್ಯಾಪಾರದಲ್ಲೇ ಗಡ್ಡ ಬೆಳ್ಳಗೆ ಮಾಡಿಕೊಂಡವರು. ಚಹಾ ಕುಡಿಯುತ್ತ ನನ್ನ ನೌಕರಿಯ ಮಾತು ತೆಗೆದರು.

"ಅಕ್ಕಾರ, ನೀವು ಸಾಲ್ಯಾಗ ಏನ ಕಲಸ್ತಿದ್ರಿ?"

"ಆರಾಧನಾಶಾಸ್ತ್ರ ಅಂತರಿ. ನಮ್ಮ ಕ್ರಿಶ್ಚಿಯನ್ ಮಂದಿ ಪ್ರಾರ್ಥನಿ ಹೆಂಗ ಮಾಡ್ತಾರ, ಹಿಂದಕ ಹೆಂಗ ಮಾಡ್ತಿದ್ರು, ಯಾಕ ಹಂಗ ಮಾಡ್ತಾರ, ಅದನ್ನ ಓದೂದು, ಕಲಸೂದು."

ಅವರು ಬಶಿ ಕೆಳಗಿಟ್ಟರು. "ನಾವು ಐದ ಹೊತ್ತ ನಮಾಜ ಮಾಡ್ತೇವ್ರಿ. ಮಾಡಿದ್ರ ಮುಗೀತು ಅಂತ ತಿಳಕೊಂಡಿದ್ದೆ. ಮಾಡವರನ್ನ ನೋಡಕೋತ ಕುಂದರೂದೂ ಒಂದು ನೌಕರಿ ಅಂತ ಗೊತ್ತಿರಲಿಲ್ಲ ನೋಡ್ರಿ."

ತಮಾಷೆ ಮಾಡಿದರೋ ನಿಜವಾಗಿ ಬೆರಗಾದರೋ ನನಗೆ ತಿಳಿಯಲಿಲ್ಲ. ಆದರೆ ನನ್ನ ಮೂವತ್ತು ವರ್ಷವನ್ನು ಇಷ್ಟು ಸರಿಯಾಗಿ ಬೇರೆ ಯಾರೂ ಹೇಳಿರಲಿಲ್ಲ. ನಾನು ಬೇರೆಯವರು ಪ್ರಾರ್ಥಿಸುವುದನ್ನು ನೋಡುತ್ತ ಕೂತವಳು. ಎಷ್ಟೋ ಸಲ ನೋಡುವ ಗಡಿಬಿಡಿಯಲ್ಲಿ ನಾನು ಪ್ರಾರ್ಥಿಸುವುದನ್ನೇ ಮರೆತದ್ದೂ ಉಂಟು.

ನಾನು ಕಲಿಸುತ್ತಿದ್ದ ತರಬೇತಿ ಶಾಲೆಗೆ ಈಗ ಹೊಸದಾಗಿ ಸೇರಿರುವ ಹುಡುಗ ಹುಡುಗಿಯರು ಅನುಭವ ಬರೆದುಕೊಡಿ ಎಂದು ಬೆನ್ನು ಬಿದ್ದಿದ್ದಾರೆ. ಬರೆಯುತ್ತೇನೆ. ಆದರೆ ಯಾವ ವರ್ಷ ಯಾವ ಹುದ್ದೆ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಕೇಳಬೇಡಿ. ಬೀಳ್ಕೊಡುವಾಗ ಕೊಟ್ಟ ಮಾನಪತ್ರದ ಚೌಕಟ್ಟಿನ ಹಿಂದೆ ಹಲ್ಲಿಯೊಂದು ಸಂಸಾರ ಹೂಡಿದೆ. ಅದು ಅಲ್ಲಿ ಸುಖವಾಗಿದೆ, ಇರಲಿ.

ಕೆಲಸ ಹೀಗಿತ್ತು. ಹಳ್ಳಿಗಳ ಸಣ್ಣ ಸಣ್ಣ ಸಭೆಗಳಲ್ಲಿ ಆರಾಧನೆ ನಡೆಸುವವರನ್ನು ನಾವು ಉಪದೇಶಿಗಳು ಎನ್ನುತ್ತೇವೆ. ಅವರನ್ನು ತಯಾರು ಮಾಡುವ ಶಾಲೆ ನಮ್ಮದು. ಸೋಮವಾರದಿಂದ ಶುಕ್ರವಾರದವರೆಗೆ ಪಾಠ. ಶನಿವಾರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಯಾವ ಕಡೆ ಬಸ್ಸು ಸಿಕ್ಕರೆ ಆ ಕಡೆ ಹೋಗಿ ಭಾನುವಾರ ಬೆಳಿಗ್ಗೆ ಒಂದು ಹಳ್ಳಿಯ ಆರಾಧನೆಯಲ್ಲಿ ಕೂರುವುದು, ಏನು ನಡೆಯಿತೆಂದು ಬರೆದುಕೊಳ್ಳುವುದು. ನನ್ನ ಹತ್ತಿರ ಒಂದು ದಪ್ಪ ವಹಿ, ಹೆಗಲು ಕಿತ್ತುಬರುವಂಥ ಒಂದು ಟೇಪ್ ರೆಕಾರ್ಡರ್ ಇದ್ದವು. ವಹಿಯಲ್ಲಿ ಗೀಟು ಹಾಕಿದ ಅಂಕಣಗಳು: ಸಮಯ ಎಷ್ಟು, ಏನು ಹೇಳಿದರು, ಏನು ಹಾಡಿದರು, ನಿಂತರೋ ಕೂತರೋ. ಆ ಅಂಕಣಗಳನ್ನು ಗೀಟು ಹಾಕಿದವಳು ನಾನೇ. ಅವುಗಳ ಬಗ್ಗೆ ನನಗೆ ಬಹಳ ಜಂಬ ಇತ್ತು.

ನಮ್ಮ ಪ್ರಾಂಶುಪಾಲರು ಯೋಹಾನ ಸಾಹೇಬರು. ಪ್ರಾರ್ಥನೆಯಲ್ಲಿ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಕೈಗಡಿಯಾರ ನೋಡುವ ವಿದ್ಯೆ ಅವರೊಬ್ಬರಿಗೇ ಸಿದ್ಧಿಸಿತ್ತು. ಆರಾಧನೆ ಒಂದೂವರೆ ತಾಸು ದಾಟಬಾರದು ಎಂಬುದು ಅವರ ಹಟ. "ದೇವರಿಗೆ ತಾಳ್ಮಿ ಐತಿ ಅಕ್ಕಾರ, ಬಸ್ಸಿಗೆ ಇಲ್ಲ," ಎನ್ನುತ್ತಿದ್ದರು. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಹಳ್ಳಿಯ ಕಟ್ಟೆಯ ಮೇಲೆ ಕೂತು ಅವರು ಎಷ್ಟು ಸಲ ಒಣಗಿದ್ದರೋ. ಹಾಗಾಗಿ ಅವರ ಮಾತಿನಲ್ಲಿ ಅನುಭವ ಇತ್ತು, ನಾವು ನಕ್ಕರೂ ವಿಧೇಯರಾಗಿ ನಗುತ್ತಿದ್ದೆವು.

ಮೊದಲ ಪೆಟ್ಟು ತಿಂದದ್ದು ಸಿಂದಗಿ ತಾಲೂಕಿನಲ್ಲಿ. ಆಗ ನಾನು ಹೊಸಬಳು, ಪುಸ್ತಕದಲ್ಲಿ ಓದಿದ್ದೆಲ್ಲ ಊರಿಗೆ ಹಂಚುವ ಉಮೇದು. ಸಭೆಯ ವರ್ಷದಲ್ಲಿ ಆರಾಧನೆಯ ಮೇಜಿನ ಬಟ್ಟೆಗೆ ದಿನಕ್ಕೆ ತಕ್ಕ ಬಣ್ಣಗಳಿವೆ ಎಂದು ಉಪದೇಶಿಗಳಿಗೆ ಪಾಠ ಮಾಡಿದ್ದೆ. ಉಪವಾಸದ ದಿನಗಳಿಗೆ ನೇರಳೆ, ಹಬ್ಬಕ್ಕೆ ಬಿಳಿ, ಉಳಿದ ಸಾಮಾನ್ಯ ಭಾನುವಾರಗಳಿಗೆ ಹಸಿರು. ವರ್ಷದಲ್ಲಿ ಹೆಚ್ಚು ದಿನ ಹಸಿರೇ ಬರುತ್ತದೆಂದು ಕೇಳಿ ಒಬ್ಬ ಉಪದೇಶಿ ಮೊದಲು ಹಸಿರನ್ನೇ ತರುವುದು ಜಾಣತನ ಎಂದುಕೊಂಡ. ಪೇಟೆಯಲ್ಲಿ ಹಸಿರು ಬಟ್ಟೆಗೆ ಜರಿ ಅಂಚು ಹಚ್ಚಿದ್ದು ಎಲ್ಲಿ ಸಿಗುತ್ತದೆ? ದರ್ಗಾದ ಚಾದರ ಮಾರುವ ಅಂಗಡಿಯಲ್ಲಿ. ತಂದು ಮೇಜಿಗೆ ಹೊದಿಸಿದ. ನಾನು ನೋಡಲು ಹೋದ ಭಾನುವಾರ, ಹಾಡಿನ ನಡುವೆ, ಪಟಗಾ ಸುತ್ತಿದ ಮುದುಕರೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ನೇರ ಮೇಜಿನ ಹತ್ತಿರ ಹೋಗಿ ಕೈಯಲ್ಲಿದ್ದ ಪೊಟ್ಟಣ ಇಟ್ಟರು.

"ಸಕ್ಕರಿ ಓದಸಾಕ ಬಂದೇನ್ರಿ. ಮಮ್ಮಗಗ ಜ್ವರ ಇಳದಾವು."

ಸಂತರ ಗದ್ದುಗೆಯ ಮುಂದೆ ಸಕ್ಕರೆ ಇಟ್ಟು ಪ್ರಾರ್ಥನೆ ಮಾಡಿಸಿ ಹಂಚುವ ಪದ್ಧತಿ ನಮ್ಮ ಕಡೆ ಎಲ್ಲ ಜಾತಿಯವರಲ್ಲೂ ಇದೆ. ಹಸಿರು ಚಾದರ ಕಂಡರೆ ಯಾರಾದರೂ ಸಕ್ಕರೆ ತರುವವರೇ. ಉಪದೇಶಿ ನನ್ನ ಮುಖ ನೋಡಿದ. ನಾನು ವಹಿ ನೋಡಿದೆ. ವಹಿಯಲ್ಲಿ ಸಕ್ಕರೆಗೆ ಅಂಕಣ ಇರಲಿಲ್ಲ. ಕೊನೆಗೆ ಅವನೇ ಧೈರ್ಯ ಮಾಡಿ, ಮಗುವಿನ ಹೆಸರು ಕೇಳಿ, ಸಕ್ಕರೆಯ ಮೇಲೆ ಕೈಯಿಟ್ಟು ಚೊಕ್ಕವಾದ ಒಂದು ಪ್ರಾರ್ಥನೆ ಮಾಡಿ ಎಲ್ಲರಿಗೂ ಹಂಚಿದ. ಮುದುಕರು ಸಂತೋಷದಿಂದ ಹೋದರು. ಆಮೇಲೆ ತಿಳಿಯಿತು, ಆ ವರ್ಷ ಆ ಮೇಜಿಗೆ ಮೂರು ಸಲ ಸಕ್ಕರೆ ಬಂದಿತ್ತಂತೆ.

ಎರಡನೆಯದು ಮುದ್ದೇಬಿಹಾಳ ಕಡೆಯ ಮದುವೆ. ವಧೂವರರಿಗೆ ಅಕ್ಕಿಕಾಳು ಹಾಕುವುದು ಪ್ರಮಾಣಕ್ಕೆ ಮೊದಲೋ ನಂತರವೋ ಎಂದು ಇಬ್ಬರು ಬೀಗರ ನಡುವೆ ವಾದ ಬಿದ್ದು, ಓದಿದ ಅಕ್ಕಾರನ್ನು ಕೇಳೋಣ ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಒಂದು ಮಾತಿನಲ್ಲಿ 'ನಂತರ' ಎಂದು ಕೂತಿದ್ದರೆ ಮುಗಿಯುತ್ತಿತ್ತು. ನಾನು ಮದುವೆ ಆರಾಧನೆಯ ಚರಿತ್ರೆಗೆ ಹೊರಟೆ. ಜನರ ಕೈಯಲ್ಲಿ ಆಗಲೇ ಅಕ್ಕಿ ಹಂಚಿ ಆಗಿತ್ತು. ನಾನು ವಾಕ್ಯ ಮುಗಿಸಿ ಉಸಿರು ಎಳೆದುಕೊಂಡಾಗಲೆಲ್ಲ, ಇದೇ ಸಮಯವೆಂದು ತಿಳಿದು ಮಂದಿ ಅಕ್ಕಿ ಎರಚಿದರು. ಮೊದಲ ಶತಮಾನದಿಂದ ಮಧ್ಯಯುಗಕ್ಕೆ ಬರುವಷ್ಟರಲ್ಲಿ ಮದುಮಗನ ಕೋಟಿನ ತುಂಬ ಅಕ್ಕಿ. ಪ್ರಮಾಣ ಮಾಡುವ ಹೊತ್ತಿಗೆ ಯಾರ ಕೈಯಲ್ಲೂ ಒಂದು ಕಾಳಿರಲಿಲ್ಲ, ಅಡುಗೆಯವರ ಹತ್ತಿರ ಓಡಿಹೋಗಿ ಇನ್ನೊಂದು ಪರಾತದ ತುಂಬ ಅಕ್ಕಿ ತರಬೇಕಾಯಿತು. ಮದುಮಗಳು ಈಗ ಅಜ್ಜಿಯಾಗುವ ವಯಸ್ಸಿನಲ್ಲಿದ್ದಾಳೆ. ಸಿಕ್ಕಾಗ ಈಗಲೂ, "ಅಕ್ಕಾರ, ಉಸರ ತಗೋರಿ, ಅಕ್ಕಿ ತಂದೇನಿ," ಎನ್ನುತ್ತಾಳೆ.

ಇಂಥವು ನೂರಿವೆ, ನಕ್ಕು ಮರೆಯಬಹುದು. ಒಂದು ಮಾತ್ರ ಹಾಗಲ್ಲ. ಅದನ್ನು ಹೇಳಲೆಂದೇ ಇಷ್ಟು ಪೀಠಿಕೆ ಹಾಕಿದೆ.

ಗೊಳಸಂಗಿಯಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದರೆ ಒಂದು ಊರು ಸಿಗುತ್ತದೆ. ಹೆಸರು ಬೇಡ. ಅಲ್ಲಿಯ ಇಬ್ಬರು ಹೆಣ್ಣುಮಕ್ಕಳ ಬಚ್ಚಲ ಜಗಳ ಇದರಲ್ಲಿ ಬರುತ್ತದೆ, ಅವರ ಮೊಮ್ಮಕ್ಕಳು ಚೆನ್ನಾಗಿ ಓದುಬರಹ ಬಲ್ಲವರು. ಇಪ್ಪತ್ತೈದು ಮನೆಯ ಸಭೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಪ್ರಾರ್ಥನಾ ಮಂದಿರ. ಅಂಗಳದಲ್ಲಿ ಬೇವಿನ ಮರ, ಮರಕ್ಕೊಂದು ಕಟ್ಟೆ, ಕಟ್ಟೆಯ ಪಕ್ಕ ನೀರಿನ ದೊಡ್ಡ ಹರವಿ, ಅದರ ಮೇಲೆ ಮಗುಚಿಟ್ಟ ಒಂದು ತಾಮ್ರದ ತಂಬಿಗೆ.

ಆ ಊರಿನಲ್ಲಿ ತಿಂಗಳ ಮೊದಲ ಭಾನುವಾರ ಪ್ರಭು ಭೋಜನ, ಊರವರ ಮಾತಿನಲ್ಲಿ ಸಂಸ್ಕಾರ. ಯೇಸು ತನ್ನ ಶಿಷ್ಯರ ಜೊತೆ ಮಾಡಿದ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿದು, ದ್ರಾಕ್ಷಿಯ ರಸ ಹಂಚುವ ಆರಾಧನೆ ಅದು. ಪೇಟೆಯ ಚರ್ಚುಗಳಲ್ಲಿ ರೊಟ್ಟಿಯ ಬದಲು ಬಿಳಿ ಬಿಲ್ಲೆಗಳು ಬಂದಿದ್ದವು. ಇಲ್ಲಿ ಒಣದ್ರಾಕ್ಷಿ ನೆನೆಹಾಕಿ ಹಿಂಡಿದ ರಸ, ಪರಾತದಷ್ಟು ಅಗಲದ ಒಂದೇ ಜೋಳದ ರೊಟ್ಟಿ. ಅದನ್ನು ಬಡಿಯುವವಳು ಮಾರ್ಥವ್ವ. ಅರವತ್ತರ ಹತ್ತಿರ ಹತ್ತಿರ, ಗಟ್ಟಿ ಕೈ, ಅದಕ್ಕಿಂತ ಗಟ್ಟಿ ದನಿ. ನಮ್ಮ ಕಡೆ ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಇವಳು ಹಾಕುತ್ತಿದ್ದಳು. ಯಾಕೆಂದು ಕೇಳಿದೆ.

"ಈ ರೊಟ್ಟಿಗೆ ಪಲ್ಯ ಇರೂದಿಲ್ಲಲ್ರಿ ಅಕ್ಕಾರ," ಎಂದಳು.

ಅದೇ ಹಿಟ್ಟಿನಲ್ಲಿ ಎರಡನೆಯ ರೊಟ್ಟಿ ಮಾಡುವಂತಿಲ್ಲ, ಮುರಿದು ರುಚಿ ನೋಡುವಂತಿಲ್ಲ. ಇಡಿಯಾಗಿ ಬಟ್ಟೆಯಲ್ಲಿ ಸುತ್ತಿ ತರಬೇಕು. ಉಪ್ಪು ಹೆಚ್ಚು ಕಡಿಮೆಯಾದರೆ ಆರಾಧನೆ ಮುಗಿದ ಮೇಲೆ ಅವಳ ನೆಗೆಣ್ಣಿ ರೂತವ್ವ ಹೇಳುತ್ತಿದ್ದಳಂತೆ. ಮಾರ್ಥವ್ವನ ಮೈದುನನ ಹೆಂಡತಿ ರೂತವ್ವ, ಗೋಡೆಗೆ ಗೋಡೆ ಹತ್ತಿದ ಮನೆ. "ಉಪ್ಪಿಂದ ಆಕೀ ನಾಲಿಗಿಗೆ ಗೊತ್ತ್ರಿ, ಬ್ಯಾರೆದ್ದು ಏನೂ ಗೊತ್ತಿಲ್ಲ," ಎಂದು ಮಾರ್ಥವ್ವ ಅವಳಿಗೆ ಕೇಳುವಂತೆಯೇ ಹೇಳಿದಳು. ರೂತವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆ ಮೊದಲ ಭಾನುವಾರ ಎಲ್ಲ ಕ್ರಮವಾಗಿ ನಡೆಯಿತು. ಕೀರ್ತನೆ, ಪ್ರಾರ್ಥನೆ, ಬೈಬಲ್ ವಾಚನ, ಪ್ರಸಂಗ ಎಂದರೆ ಉಪದೇಶ. ಪ್ರಸಂಗ ಮುಗಿಯುವುದಕ್ಕೂ ನನ್ನ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವುದಕ್ಕೂ ಸರಿಹೋಯಿತು. ಆಗ ಉಪದೇಶಿ ಸತ್ಯಪ್ಪ ಪುಸ್ತಕ ಮುಚ್ಚಿಟ್ಟು, ಏನೂ ಹೇಳದೆ ಹೊರಗೆ ಹೋದ. ಅವನ ಹಿಂದೆ ಎಲ್ಲರೂ ಎದ್ದು ಹೋದರು. ನಾನು ಒಳ್ಳೆಯದೇ ಆಯಿತೆಂದು ಕ್ಯಾಸೆಟ್ ತಿರುವಿ ಹಾಕಿದೆ, ಟೇಪಿನ ಧೂಳು ಒರೆಸಿದೆ, ಪೆನ್ಸಿಲ್ ಚೂಪು ಮಾಡಿದೆ. ಕಿಟಕಿಯಿಂದ ಇಣುಕಿದರೆ ಜನ ಹರವಿಯ ಸುತ್ತ ನಿಂತು ನೀರು ಕುಡಿಯುತ್ತಿದ್ದರು. ಒಬ್ಬರು ತಂಬಿಗೆಯಿಂದ ಸುರಿಯುವುದು, ಇನ್ನೊಬ್ಬರು ಬೊಗಸೆ ಒಡ್ಡಿ ಕುಡಿಯುವುದು. ನಮ್ಮ ಕಡೆಯ ಬಿಸಿಲಿಗೆ ಯಾರಿಗೆ ಬಾಯಾರುವುದಿಲ್ಲ? ವಹಿಯಲ್ಲಿ ಬರೆದೆ: 'ಖಾಲಿ. ಹದಿನೈದು ನಿಮಿಷ. ನೀರು ಕುಡಿಯಲು ಹೋಗುತ್ತಾರೆ.'

ಅದೇ ವಹಿಯ ಕೊನೆಯ ಪುಟದಲ್ಲಿ, ದೊಡ್ಡ ಪಂಡಿತಳಂತೆ, ಇನ್ನೊಂದು ಮಾತು ಬರೆದೆ. ಪ್ರಭು ಭೋಜನಕ್ಕೆ ಕೂರುವ ಮುನ್ನ ಮನಸ್ತಾಪ ಇರುವವರು ರಾಜಿಯಾಗಬೇಕು ಎಂಬುದು ನಮ್ಮ ಆರಾಧನೆಯ ಬಹಳ ಹಳೆಯ ನಿಯಮ. ಹಿಂದಿನವರು ಅದಕ್ಕಾಗಿ ಒಬ್ಬರನ್ನೊಬ್ಬರು ಮುದ್ದಿಡುತ್ತಿದ್ದರು. ಆಮೇಲೆ ಕೆಲವು ಕಡೆ ಕೈ ಹಿಡಿಯುವುದಾಯಿತು, ಕೆಲವು ಕಡೆ ಬರೀ ತಲೆ ಬಾಗುವುದಾಯಿತು. ಅದಕ್ಕೆ ಸಮಾಧಾನದ ವಿಧಿ ಎನ್ನುತ್ತಾರೆ. ಹತ್ತು ವರ್ಷದಿಂದ ಅದನ್ನು ಪಾಠ ಮಾಡುತ್ತಿದ್ದೆ. ನಾನು ಬರೆದದ್ದು ಇದು: 'ಈ ಭಾಗದ ಹಳ್ಳಿಗಳಲ್ಲಿ ಸಮಾಧಾನದ ವಿಧಿ ಪೂರ್ತಿ ಅಳಿದುಹೋಗಿದೆ.'

ಈ ಎರಡು ವಾಕ್ಯಗಳ ನಡುವೆ ನಾಲ್ಕೇ ಪುಟದ ಅಂತರ. ನನ್ನ ತಲೆಯಲ್ಲಿ ಅವು ಒಮ್ಮೆಯೂ ಭೇಟಿಯಾಗಲಿಲ್ಲ.

ಆ ವರ್ಷವೇ ಯೋಹಾನ ಸಾಹೇಬರು ಎಲ್ಲ ಹಳ್ಳಿಗಳಿಗೂ ಒಂದೇ ಕ್ರಮದ ಕಿರುಹೊತ್ತಿಗೆ ಅಚ್ಚು ಹಾಕಿಸಬೇಕೆಂದರು. ಬರೆಯುವ ಕೆಲಸ ನನ್ನದು. ಪ್ರಸಂಗ ಆದ ಕೂಡಲೇ, ಅಳಿದುಹೋದ ವಿಧಿಯನ್ನು ಬದುಕಿಸುವ ಪುಣ್ಯ ಕಟ್ಟಿಕೊಳ್ಳುವ ಆಸೆಯಿಂದ, ಎರಡು ಸಾಲು ಸೇರಿಸಿದೆ. ಉಪದೇಶಿ 'ಸಮಾಧಾನವು ನಿಮ್ಮೊಂದಿಗಿರಲಿ' ಎನ್ನಬೇಕು, ಸಭೆ 'ನಿನ್ನೊಂದಿಗೂ ಇರಲಿ' ಎನ್ನಬೇಕು. ಹೇಳಿ ಮುಗಿಸಲು ಐದು ಸೆಕೆಂಡು. ಗೊಳಸಂಗಿ ಕಡೆಯ ಆ ಊರಿಗೆ ಮಾತ್ರ ಪ್ರತ್ಯೇಕ ಕಾಗದ ಬರೆದೆ: ನೀರು ಕುಡಿಯುವುದನ್ನು ಆರಾಧನೆಗೆ ಮೊದಲೇ ಮುಗಿಸಿಕೊಳ್ಳಿ, ಹರವಿಯನ್ನು ಹಿತ್ತಿಲಿಗೆ ಸರಿಸಿ. ಸತ್ಯಪ್ಪ ಆಗ ಹೊಸದಾಗಿ ಬಂದ ತರುಣ, ಬೇರೆ ತಾಲೂಕಿನವನು. ಅಚ್ಚಾದ ಪುಸ್ತಕ ಕೈಗೆ ಬಂದದ್ದೇ ಅವನಿಗೆ ಹಬ್ಬ. ಅಕ್ಷರ ಬಿಡದೆ ಪಾಲಿಸಿದ.

ಒಂದೂವರೆ ವರ್ಷದ ಮೇಲೆ ಮತ್ತೆ ಹೋದೆ. ಪುಸ್ತಕ ಹೇಗೆ ನಡೆಯುತ್ತಿದೆ ಎಂದು ನೋಡುವುದು ನೆಪ, ನಿಜ ಹೇಳಬೇಕೆಂದರೆ ಹೊಗಳಿಸಿಕೊಳ್ಳಲು ಹೋಗಿದ್ದೆ. ಆರಾಧನೆ ಗಡಿಯಾರದಂತೆ ನಡೆಯಿತು. ಮಾರ್ಥವ್ವ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಳು, ಮೇಜಿನ ಮೇಲಿಟ್ಟಳು, ಹಾಡಿದಳು, ಪ್ರಸಂಗ ಕೇಳಿದಳು. ರೊಟ್ಟಿ ಮುರಿಯುವ ಹೊತ್ತಿಗೆ ಎದ್ದು ಹೊರಗೆ ಹೋಗಿ ಬೇವಿನ ಕಟ್ಟೆಯ ಮೇಲೆ ಕೂತಳು. ಮೈಗೆ ಹುಷಾರಿಲ್ಲವೇನೋ ಎಂದುಕೊಂಡೆ. ರೊಟ್ಟಿಯ ಚೂರು ಬಾಯಿಗಿಟ್ಟಾಗ ಉಪ್ಪು ಹೆಚ್ಚೆನಿಸಿತು, ಅದನ್ನು ವಹಿಯಲ್ಲಿ ಬರೆದುಕೊಂಡೆ. ಮುಗಿದ ಮೇಲೆ ಸತ್ಯಪ್ಪನನ್ನು ಕೇಳಿದೆ.

"ಮಾರ್ಥವ್ವಗ ಏನಾಗೇತಿ?"

ಅವನು ನೆಲ ನೋಡಿದ. "ಆಕೀ ತಗೊಳ್ಳೂದು ಬಿಟ್ಟು ಒಂದು ವರ್ಷದ ಮ್ಯಾಲ ಆತ್ರಿ. ರೊಟ್ಟಿ ಮಾತ್ರ ತಪ್ಪದ ಮಾಡಿಕೊಂಡ ಬರ್ತಾಳ್ರಿ."

ನೇರ ಅವಳ ಮನೆಗೆ ಹೋದೆ. ನನ್ನನ್ನು ಕಂಡು ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು, ಆದರೆ ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

"ಯಾಕ ಮಾರ್ಥವ್ವ? ನೀ ಮಾಡಿದ ರೊಟ್ಟಿ ನೀನ ತಿನ್ನೂದಿಲ್ಲಂತ?"

"ಜಗಳ ಇಟಗೊಂಡು ಹೆಂಗ ತಿನ್ನಲ್ರಿ? ರೂತವ್ವನ ಬಚ್ಚಲ ನೀರು ನಮ್ಮ ಅಂಗಳಕ್ಕ ಬರ್ತೈತಿ. ನಾ ಬೈದೆ, ಆಕೀನೂ ಬೈದ್ಳು. ಮಾತ ನಿಂತೈತಿ."

"ಮೊದಲೂ ಜಗಳ ಆಡತಿದ್ದಿರಲ್ಲ?"

"ಆಡತಿದ್ದೆವು. ಸಂಸ್ಕಾರದ ದಿನ ಹರವಿ ಮುಂದ ಮುಗೀತಿತ್ತು. ಮೊದಲ ಯಾರ ಕೈಗೆ ತಂಬಿಗಿ ಸಿಕ್ತೋ ಅವರು ನೀರ ಹಾಕಬೇಕು, ಇನ್ನೊಬ್ಬರು ಬೊಗಸಿ ಒಡ್ಡಬೇಕು. ತಪ್ಪ ಯಾರದು ಅಂತ ಕೇಳೂ ಹಂಗಿಲ್ಲ, ಮಾತ ಆಡೂ ಹಂಗಿಲ್ಲ. ಎಲ್ಲಾರದೂ ಮುಗಿಯೂ ತನಕ ಯಾರೂ ಒಳಗ ಹೋಗೂದಿಲ್ಲ. ನಮ್ಮ ಅತ್ತಿ ಕಾಲದಿಂದ ಹಂಗ ಬಂದದ್ದು." ಅವಳು ಚಾಪೆಯ ಅಂಚು ಸರಿಮಾಡಿದಳು. "ನೀವು ಹರವಿ ತಗಸಿದ್ರಿ."

ನನ್ನ ಕೈಯಲ್ಲಿ ಅವಳು ಕೊಟ್ಟ ನೀರಿನ ಲೋಟ ಹಾಗೇ ಇತ್ತು. ಕುಡಿಯಲು ಆಗಲಿಲ್ಲ. ಹತ್ತು ವರ್ಷ ಪಾಠ ಮಾಡಿದ್ದು, ಅಳಿದುಹೋಯಿತೆಂದು ನಾನು ಕಾಗದದ ಮೇಲೆ ಅತ್ತದ್ದು, ನನ್ನ ಕಿಟಕಿಯ ಹೊರಗೆ ಬಿಸಿಲಿನಲ್ಲಿ ನಡೆಯುತ್ತಿತ್ತು. ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಇದ್ದ ಸಮಾಧಾನವನ್ನು ಹಿತ್ತಿಲಿಗೆ ತಳ್ಳಿ ಅಚ್ಚಿನ ಸಮಾಧಾನವನ್ನು ತಂದಿಟ್ಟಿದ್ದೆ.

"ನನಗ ಯಾಕ ಹೇಳಲಿಲ್ಲವ್ವಾ?"

"ನೀವು ಕೇಳಿದ್ದು ರೊಟ್ಟೀದು. ಹೇಳಿದೆ. ನೀರಿಂದ ಕೇಳಲೇ ಇಲ್ಲಲ್ರಿ."

ಮಾತು ಕಡ್ಡಿ ಮುರಿದಂತಿತ್ತು. ಬರುವಾಗ ಬಾಗಿಲಲ್ಲಿ ನಿಂತು ಕೇಳಿದೆ, ಆ ನೀರಿಗೆ ನೀವು ಏನೆಂದು ಕರೆಯುತ್ತೀರಿ ಎಂದು. ಇಷ್ಟಾದ ಮೇಲೂ ಅಂಕಣ ತುಂಬುವ ಚಟ ಬಿಟ್ಟಿರಲಿಲ್ಲ ನೋಡಿ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, "ನೀರ ಅಂತೇವ್ರಿ," ಎಂದಳು.

ಸೋಮವಾರ ಯೋಹಾನ ಸಾಹೇಬರ ಮುಂದೆ ಹೋಗಿ ನಿಂತೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಎಲ್ಲ ಹೇಳಿದೆ. ಪುಸ್ತಕ ಆಗಲೇ ಅಚ್ಚಾಗಿ ನಾಲ್ಕೂ ತಾಲೂಕಿಗೆ ಹೋಗಿತ್ತು, ಆ ಊರಿನ ಪ್ರತಿಗಳನ್ನು ಮಾತ್ರ ನಾನು ಚೀಲದಲ್ಲಿ ತುಂಬಿ ತಂದಿದ್ದೆ.

"ಮಾತಿಲ್ಲದ್ದನ್ನ ಪುಸ್ತಕದಾಗ ಹೆಂಗ ಬರೀತೀರಿ ಅಕ್ಕಾರ?"

"ಚೀಟಿ ಅಂಟಸ್ತೇನ್ರಿ. 'ಇಲ್ಲಿ ಎಲ್ಲರೂ ಹೊರಗೆ ಹೋಗಿ. ನೀರು.' ಅಷ್ಟ."

"ಎಷ್ಟ ಹೊತ್ತು?"

"ಹದಿನೈದು ನಿಮಿಷ. ಒಮ್ಮೊಮ್ಮೆ ಹೆಚ್ಚ ಆಗಬಹುದ್ರಿ."

ಅವರು ಅಭ್ಯಾಸದಂತೆ ಕೈಗಡಿಯಾರ ನೋಡಿದರು. ಆಮೇಲೆ ಅದನ್ನು ಬಿಚ್ಚಿ ಮೇಜಿನ ಖಾನೆಯೊಳಗೆ ಇಟ್ಟು, ಅದೇ ಖಾನೆಯಿಂದ ಗೋಂದಿನ ಬಾಟಲಿ ತೆಗೆದರು. ಮಧ್ಯಾಹ್ನ ಪೂರ್ತಿ ನಾನು ಚೀಟಿ ಬರೆದೆ, ಅವರು ಅಂಟಿಸಿದರು. ಎಲ್ಲವನ್ನೂ ಸ್ವಲ್ಪ ಸೊಟ್ಟಗೆ ಅಂಟಿಸಿದರು. ನಾನು ಅವರ ಗಡಿಯಾರದ ಬಗ್ಗೆ ಬೆನ್ನ ಹಿಂದೆ ಆಡಿದ ಮಾತುಗಳೆಲ್ಲ ಆ ಹೊತ್ತು ನೆನಪಾಗಿ ಬೇಜಾರಾಯಿತು.

ಮುಂದಿನ ತಿಂಗಳ ಮೊದಲ ಭಾನುವಾರ ಚೀಟಿ ಅಂಟಿಸಿದ ಪುಸ್ತಕ ಹೊತ್ತುಕೊಂಡು ಹೋದೆ. ಸತ್ಯಪ್ಪ ಹರವಿಯನ್ನು ಹಿತ್ತಿಲಿನಿಂದ ಉರುಳಿಸಿಕೊಂಡು ಬಂದು, ತೊಳೆದು, ಬೇವಿನ ಪಕ್ಕ ಕೂರಿಸಿದ್ದ. ತಂಬಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ. ಪ್ರಸಂಗ ಮುಗಿಯಿತು. ಅವನು ಪುಸ್ತಕ ಮುಚ್ಚಿದ. ಎಲ್ಲರೂ ಎದ್ದು ಹೊರಗೆ ಬಂದರು. ಈ ಸಲ ನಾನು ಟೇಪನ್ನು ಒಳಗೇ ಬಿಟ್ಟು ಅವರ ಜೊತೆ ಬಂದೆ.

ಉಳಿದವರು ಒಬ್ಬೊಬ್ಬರಾಗಿ ಸುರಿದರು, ಕುಡಿದರು. ಒಂದೂವರೆ ವರ್ಷದಲ್ಲಿ ಆ ಊರಿನಲ್ಲಿ ಎಷ್ಟು ಸಣ್ಣ ಸಣ್ಣ ಮುನಿಸು ಕೂಡಿಬಿದ್ದಿದ್ದವು ಎಂದು ಅವತ್ತು ಗೊತ್ತಾಯಿತು. ಎರಡು ಸಲ ಹರವಿ ತುಂಬಿಸಬೇಕಾಯಿತು. ಕೊನೆಗೆ ತಂಬಿಗೆ ಹರವಿಯ ಮೇಲೆ ಕೂತಿತು. ಮಾರ್ಥವ್ವ ಕಟ್ಟೆಯ ಈ ತುದಿಯಲ್ಲಿ, ರೂತವ್ವ ಆ ತುದಿಯಲ್ಲಿ. ಇಬ್ಬರೂ ಅಲುಗಲಿಲ್ಲ. ಹೊತ್ತು ಹೋಯಿತು. ಬಿಸಿಲು ಏರಿತು. ಯಾರೂ ಒಳಗೆ ಹೋಗಲಿಲ್ಲ. ಮೊದಲಾದರೆ ಒಂದು ತಿಂಗಳ ಜಗಳ, ಸುಲಭವಾಗಿ ಕರಗುತ್ತಿತ್ತು. ಇದು ಒಂದೂವರೆ ವರ್ಷದ್ದು, ಗಟ್ಟಿಯಾಗಿಹೋಗಿತ್ತು. ಅದನ್ನು ಗಟ್ಟಿ ಮಾಡಿದವಳು ನಾನು. ಹರವಿ ತಂದಿಟ್ಟರೂ ಇವಳು ಇನ್ನು ಮುಂದೆ ತನ್ನ ರೊಟ್ಟಿ ತಿನ್ನುವುದೇ ಇಲ್ಲವೇನೋ ಎಂದು ಹೆದರಿಕೆಯಾಯಿತು.

ಆಗ ಹೊಳೆಯಿತು. ಮಾರ್ಥವ್ವನ ಮನಸ್ತಾಪ ರೂತವ್ವನ ಮೇಲೆ ಮಾತ್ರ ಅಲ್ಲ. ಅವಳು ಅವತ್ತು ಚಾಪೆ ಹಾಸಿ, ನೀರು ಕೊಟ್ಟು, 'ನೀವು ಹರವಿ ತಗಸಿದ್ರಿ' ಎಂದಿದ್ದಳು. ನಾನು ಇಲ್ಲಿ ನೋಡಲು ಬಂದವಳಲ್ಲ, ನನಗೂ ಇಲ್ಲಿ ಒಂದು ಜಗಳ ಇದೆ.

ಹೋಗಿ ತಂಬಿಗೆ ಎತ್ತಿದೆ. ತುಂಬಿಕೊಂಡು ಮಾರ್ಥವ್ವನ ಕಡೆ ತಿರುಗಿ ನಿಂತೆ. ಗಡಿಬಿಡಿಯಲ್ಲಿ ಅರ್ಧ ನೀರು ನನ್ನ ಚಪ್ಪಲಿಯ ಮೇಲೆ ಚೆಲ್ಲಿತು. ಅವಳು ನೋಡಿದಳು. ಎಷ್ಟೋ ಹೊತ್ತು ಎನಿಸಿತು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದು ಬಂದು ಬೊಗಸೆ ಒಡ್ಡಿದಳು. ನಾನು ಸುರಿದೆ, ಅವಳು ಕುಡಿದಳು. ಬಾಯಿ ಒರೆಸಿಕೊಂಡು, ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡಳು. ಹರವಿಯಲ್ಲಿ ಅದ್ದಿ ತುಂಬಿದಳು. ತಲೆ ಎತ್ತದೆ ಹಾಗೇ ನಿಂತಳು.

ರೂತವ್ವ ಕಟ್ಟೆಯಿಂದ ಇಳಿದಳು. ಸೆರಗು ಸರಿಮಾಡಿಕೊಂಡಳು. ಬಂದಳು, ಬಾಗಿದಳು, ಬೊಗಸೆ ಹಿಡಿದಳು. ಮಾರ್ಥವ್ವ ಎಷ್ಟು ಸುರಿದಳೆಂದರೆ ರೂತವ್ವನ ಮೊಣಕೈಯಿಂದ ಇಳಿದು ಸೀರೆಯ ಮುಂಭಾಗವೆಲ್ಲ ತೊಯ್ದುಹೋಯಿತು. ಅವಳು ಸಾಕೆನ್ನಲಿಲ್ಲ, ಇವಳು ನಿಲ್ಲಿಸಲಿಲ್ಲ. ಹಿಂದೆ ಯಾರೋ ಗಂಡಸರು ಮೂಗು ಎಳೆದುಕೊಂಡ ಸದ್ದಾಯಿತು. ನನ್ನ ಕಣ್ಣೂ ತುಂಬಿದ್ದವು, ಅದನ್ನು ಮುಚ್ಚಿಡುವುದಿಲ್ಲ.

ಒಳಗೆ ಹೋದೆವು. ಸತ್ಯಪ್ಪ ರೊಟ್ಟಿ ಮುರಿದ. ಚೂರು ಕೈಯಿಂದ ಕೈಗೆ ಬಂತು. ಮಾರ್ಥವ್ವ ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡಳು, ನಿಧಾನವಾಗಿ ಅಗಿದಳು. ಮಂದಿರವೆಲ್ಲ ಅವಳನ್ನೇ ನೋಡುತ್ತಿತ್ತು. ಅವಳು ತಟ್ಟನೆ ಕಣ್ಣು ತೆರೆದಳು.

"ಅಯ್ಯ! ಎಷ್ಟ ಉಪ್ಪಾಗೇತಿ ಇದು!"

ಅವಳು ಸಭೆಯ ಕಡೆ ತಿರುಗಿದಳು.

"ಒಂದೂವರಿ ವರ್ಷ ಹಿಂಗ ತಿಂದೀರೇನು? ಒಬ್ಬರರ ಹೇಳಬಾರದ ನನಗ?"

ರೂತವ್ವ ಒದ್ದೆ ಸೆರಗು ಹಿಂಡುತ್ತ ಹೇಳಿದಳು. "ಹೆಂಗ ಹೇಳಲಿ ಯಕ್ಕಾ? ಮಾತ ನಿಂತಿತ್ತಲ್ಲ."

ಮೊದಲು ನಕ್ಕವಳು ಮಾರ್ಥವ್ವನೇ. ಆಮೇಲೆ ಇಡೀ ಸಭೆ. ರೊಟ್ಟಿಯ ತಟ್ಟೆ ಹಿಡಿದಿದ್ದ ಸತ್ಯಪ್ಪನ ಭುಜ ಕುಣಿಯುತ್ತಿತ್ತು. ಪ್ರಭು ಭೋಜನದ ನಡುವೆ ಇಷ್ಟು ನಗು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ವಹಿ ತೆರೆದೆ. ಹಿಂದಿನ ತಿಂಗಳ ಪುಟ ಕಣ್ಣಿಗೆ ಬಿತ್ತು. ನನ್ನದೇ ದುಂಡು ಅಕ್ಷರ: 'ರೊಟ್ಟಿ ಜೋಳದ್ದು. ಉಪ್ಪು ಹೆಚ್ಚು.' ಬಚ್ಚಿಡಬಹುದಿತ್ತು. ಮಾರ್ಥವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿ ಹೇಳಿದೆ.

ಅವಳು ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಆಕೀಗೆ ನನ್ನ ಕೂಡ ಮಾತ ನಿಂತಿತ್ತು," ಎಂದಳು. "ನಿಮ್ಮದು ಏನ ನಿಂತಿತ್ರಿ ಅಕ್ಕಾರ?"